‘ಗುಡುಗು’ ಬ್ಯಾಂಡಿನ ಕೊನೆಯ ಚರಣ

ಯತಿನ್ ಕೋಟ್ಯಾನನ ಮನೆಯಲ್ಲಿ ವಾಷಿಂಗ್ ಮಷಿನ್ ಇರಬೇಕಾದ ಜಾಗದಲ್ಲಿ ಆಂಪ್ಲಿಫೈಯರ್ ಇತ್ತು. ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆ. ಬಾಲ್ಕನಿಯ ಆ ಮೂಲೆಗೆ ನಲ್ಲಿ ಕೊಟ್ಟು, ಪ್ಲಗ್ಗು ಕೊಟ್ಟು, ನೀರು ಹೋಗುವುದಕ್ಕೊಂದು ತೂತನ್ನೂ ಕೊಟ್ಟಿದ್ದ ಬಿಲ್ಡರ್. ಅಲ್ಲಿ ಈ ಮಹಾನುಭಾವ ತನ್ನ ಕರಿ ಪೆಟ್ಟಿಗೆಯನ್ನು ತಂದು ಸ್ಥಾಪಿಸಿದ್ದ. ವಾಷಿಂಗ್ ಮಷಿನ್ ಹಾಲಿನಲ್ಲಿ ಸೋಫಾದ ಪಕ್ಕ ನೆಂಟರ ಹಾಗೆ ಕೂತಿತ್ತು. ಬಟ್ಟೆ ಒಗೆಯುವ ದಿನ ಅವನ ಹೆಂಡತಿ ತೃಪ್ತಿ ಅದರ ಪೈಪನ್ನು ಬಾತ್‌ರೂಮಿನವರೆಗೆ ಎಳೆದುಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ಅತ್ತೆ ದಮಯಂತಿ ಅದನ್ನು ಎಡವುತ್ತಿದ್ದರು. ಎಡವಿದಾಗೆಲ್ಲ ಸೊಸೆಯನ್ನು ಬೈಯುತ್ತಿದ್ದರೇ ಹೊರತು ಮಗನನ್ನಲ್ಲ.

“ಕಲಾವಿದನನ್ನು ಕಟ್ಟಿಕೊಂಡ ಮೇಲೆ ಇಷ್ಟು ಅಡ್ಜಸ್ಟ್ ಮಾಡದಿದ್ದರೆ ಹೇಗೆ?” ಎನ್ನುತ್ತಿದ್ದ ಯತಿನ್.

ಅವನು ಕಲಾವಿದ ಎನ್ನುವುದಕ್ಕೆ ಪುರಾವೆ ಬೇಕಾದಷ್ಟಿತ್ತು. ಬ್ಯಾಂಡ್ ಇತ್ತು. ಬ್ಯಾಂಡಿಗೆ ‘ಗುಡುಗು’ ಎಂಬ ಹೆಸರಿತ್ತು. ಅದಕ್ಕೂ ಮೊದಲು ಬೇರೆ ಮೂರು ಹೆಸರುಗಳಿದ್ದವು, ಒಂದೊಂದಕ್ಕೂ ತಿಂಗಳುಗಟ್ಟಲೆ ಚರ್ಚೆ ನಡೆದಿತ್ತು. ಮಿಂಚಿನ ಚಿತ್ರವಿದ್ದ ಕಪ್ಪು ಟೀ ಶರ್ಟುಗಳಿದ್ದವು. ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿದ್ದರು, ಯಾಕೆಂದರೆ ಡ್ರಮ್ಸ್ ಬಾರಿಸುವ ಮನೀಶನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಠಾಣೆಯಲ್ಲಿ ಖಾಡಿ ಎನ್ನುವ ಹಿನ್ನೀರಿನ ದಂಡೆಯಲ್ಲಿ ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಂತ ಫೋಟೋ ಇತ್ತು. ಇಷ್ಟೆಲ್ಲ ಇದ್ದ ಬ್ಯಾಂಡು ಇದುವರೆಗೆ ಯಾರ ಮುಂದೆಯೂ ಒಂದು ಹಾಡನ್ನೂ ನುಡಿಸಿರಲಿಲ್ಲ, ಅಷ್ಟೆ.

ಹಾಡು ಇರಲಿಲ್ಲವೆಂದಲ್ಲ. ‘ಹಳಿ ತಪ್ಪಿದ ಹೃದಯ’ ಎಂಬ ಸ್ವಂತ ಹಾಡಿತ್ತು. ಯತಿನನೇ ಬರೆದು ರಾಗ ಹಾಕಿದ್ದ. ಎರಡು ಚರಣ ಭರ್ಜರಿಯಾಗಿದ್ದವು. ಮೂರನೆಯದರ ಜಾಗದಲ್ಲಿ ‘ಇಲ್ಲಿ ಏನೋ ದೊಡ್ಡದು ಬರಬೇಕು’ ಎಂದು ಬರೆದಿಟ್ಟಿದ್ದ. ಬರೆದಿಟ್ಟು ಮೂರು ಮಳೆಗಾಲ ಕಳೆದಿದ್ದವು. ಆ ದೊಡ್ಡದು ಇನ್ನೂ ಬಂದಿರಲಿಲ್ಲ.

ಹೀಗಿರುವಾಗ ಕನ್ನಡ ಸಂಘದ ಕಾರ್ಯದರ್ಶಿ ಅಂಬರೀಶ ರಸ್ತೆಯಲ್ಲಿ ಸಿಕ್ಕವನು, ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ಖಾಲಿಯಿದೆ, ನಿಮ್ಮ ಬ್ಯಾಂಡ್ ಬರುತ್ತದೋ ಎಂದು ಕೇಳಿಬಿಟ್ಟ. ಯತಿನ್ ಉಬ್ಬಿಹೋದ. ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ಸುದ್ದಿ ಹೇಳಿದ. ತೃಪ್ತಿ ಪೈಪು ಸುತ್ತುತ್ತಿದ್ದವಳು ತಲೆ ಎತ್ತಿದಳು.

“ಒಳ್ಳೆಯದಾಯ್ತು. ಆದ್ರೆ ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ. ಈ ಸಲ ನೀವು ಸ್ಟೇಜ್ ಹತ್ತಿ ಒಂದು ಹಾಡು ಪೂರ್ತಿ ಹೇಳಿದ್ರೆ ಆ ಪೆಟ್ಟಿಗೆ ಅಲ್ಲೇ ಇರ್ಲಿ, ನಾನು ಜನ್ಮದಲ್ಲಿ ತುಟಿ ಬಿಚ್ಚುವುದಿಲ್ಲ. ಇಲ್ಲದಿದ್ರೆ ಅದು ಹೊರಗೆ, ಮಷಿನ್ ಒಳಗೆ. ನೀವೂ ಆಮೇಲೆ ಕಲಾವಿದ ಗಿಲಾವಿದ ಅಂತ ಹೇಳ್ಲಿಕ್ಕಿಲ್ಲ.”

“ಎಂಥ ಮಾತಾಡ್ತೀ ಮಾರಾಯ್ತಿ, ಒಂದು ಹಾಡು ದೊಡ್ಡ ಸಂಗತಿಯಾ?” ಎಂದ ಯತಿನ್. ಹಾಗೆಂದನೇನೋ ಹೌದು, ಒಳಗೊಳಗೆ ಅಳುಕಿದ. ಪೆಟ್ಟಿಗೆಯ ಆಸೆಗಲ್ಲ. ಇಷ್ಟು ವರ್ಷ ಐರೋಲಿಯ ಆಫೀಸಿನಲ್ಲಿ ವಿಮೆಯ ಕಾಗದಪತ್ರ ನೋಡುತ್ತ, ‘ನಾನು ನಿಜಕ್ಕೂ ಇದಲ್ಲ, ನಾನು ಬೇರೆಯೇ’ ಎಂದು ಒಳಗೊಳಗೇ ಹೇಳಿಕೊಂಡು ಬದುಕಿದವನು ಅವನು. ಆ ಮಾತು ನಿಜವೋ ಸುಳ್ಳೋ ಎಂದು ಈಗ ಊರೆದುರು ಗೊತ್ತಾಗುವುದಿತ್ತು.

ತಾಲೀಮಿಗೆ ಭಾನುವಾರ ಸಂಜೆ, ಠಾಣೆಯ ವಾಗ್ಲೆ ಎಸ್ಟೇಟಿನ ಬಾಡಿಗೆಯ ಕೋಣೆ ಎಂದು ಗೊತ್ತು ಮಾಡಿದ. ಎಲ್ಲರಿಗೂ ನಡುಮಧ್ಯ ಎಂದು ಅವನ ಲೆಕ್ಕ. ಮೊದಲ ಭಾನುವಾರ ಅವನು ಅಲ್ಲಿ ತಲುಪುವಷ್ಟರಲ್ಲಿ ಬ್ಯಾಂಡಿನ ಗ್ರೂಪಿಗೆ ಸಂದೇಶಗಳು ಬರತೊಡಗಿದವು.

ಮನೀಶನ ಅಪ್ಪ ವಾಸು ಶೆಟ್ಟರಿಗೆ ನೌಪಾಡಾದಲ್ಲಿ ಹೋಟೆಲು. ಮನೀಶ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ: “ಭಾಯ್, ಅಡುಗೆ ಭಟ್ರು ಊರಿಗೆ ಹೋದ್ರು. ಪಪ್ಪಾ ಕಿಚನ್‌ಗೆ, ಮೈ ಗಲ್ಲಾಪೆಟ್ಟಿಗೆ ಪೆ. ನೆಕ್ಸ್ಟ್ ಸಂಡೇ ಪಕ್ಕಾ, ಕಸಮ್ ಸೇ.” ಹೋಟೆಲಿನವರ ಮಗನಿಗೆ ಭಾನುವಾರ ಸಂಜೆ ಬಿಡುವು ಸಿಕ್ಕೀತೆಂದು ನಂಬಿದವನ ಬುದ್ಧಿಗೆ ಏನು ಹೇಳುವುದು!

ಹಾಡುವ ರಮಿತಾ ಸೀವುಡ್ಸ್‌ನವಳು, ಶಾಲೆಯ ಟೀಚರು. ಅವಳದು ಧ್ವನಿ ಸಂದೇಶ: “ಯತಿನಣ್ಣಾ, ಇವತ್ತು ಮೆಗಾಬ್ಲಾಕ್ ಅಲ್ವಾ ಮಾರ್ರೆ! ರೈಲು ಹಳಿ ರಿಪೇರಿ ಅಂತ ಅರ್ಧ ಗಾಡಿ ಕ್ಯಾನ್ಸಲ್. ಅಲ್ಲಿಗೆ ಬಂದು ಮುಟ್ಟುವಾಗ ನನ್ನ ಹೆಣ ಬೀಳ್ತದೆ. ಮುಂದಿನ ಸಂಡೇ ಪಕ್ಕಾ.”

ಬಾಸ್ ಗಿಟಾರಿನ ಶಶಿಕಾಂತ್ ಅಂಬರನಾಥದವನು. ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಮನೆತನ, ದಾದರಿನ ಪಾರ್ಸಲ್ ಕಂಪನಿಯಲ್ಲಿ ನೌಕರಿ, ಎಲ್ಲರಿಗಿಂತ ಹಿರಿಯ. ಅಸಲಿಗೆ ಅವನು ಢೋಲಕಿ ಬಾರಿಸುವವನು. ‘ಢೋಲಕಿ ನಮ್ಮ ಇಮೇಜಿಗೆ ಸೂಟ್ ಆಗುವುದಿಲ್ಲ’ ಎಂದು ಯತಿನನೇ ಅವನ ಕೊರಳಿಗೆ ಬಾಸ್ ಗಿಟಾರ್ ಹಾಕಿಸಿದ್ದ. ಅವನು ಬರೆದಿದ್ದ: “ಸೊಸಾಯಿಟಿ ಮೀಟಿಂಗ್ ಅದ ತಮ್ಮಾ. ಒಟ್ಟ ಟೈಮ್ ಸಿಗವಲ್ದು. ಮುಂದಿನ ಐತವಾರ ಪಕ್ಕಾ.”

ಮುಂದಿನ ಭಾನುವಾರ ಮನೀಶ ಬಂದ, ಉಳಿದವರಿಲ್ಲ. ಅದರ ಮುಂದಿನ ವಾರ ರಮಿತಾ ಬಂದಳು, ಮನೀಶ ಇಲ್ಲ. ಯತಿನ್ ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ, ಅದು ಅವನ ಹೆಮ್ಮೆ. ಒಂದು ತಾಸು ತಡವಾಗಿ ಬಂದು, ಇನ್ನೊಂದು ತಾಸು ಗಿಟಾರಿನ ಸದ್ದನ್ನು ತಿರುಪಿನಿಂದ ತಿದ್ದುತ್ತ ಕೂರುತ್ತಿದ್ದ. ಬಂದವರೊಡನೆ ಹಾಡು ಮೊದಲಿನಿಂದ ಶುರುವಾಗುತ್ತಿತ್ತು. ಎರಡನೆಯ ಚರಣ ಮುಗಿಯುವಷ್ಟರಲ್ಲಿ ಕೋಣೆಯವನು ಬಾಗಿಲು ತಟ್ಟುತ್ತಿದ್ದ. ‘ಏನೋ ದೊಡ್ಡದು’ ಬರಬೇಕಾದ ಜಾಗಕ್ಕೆ ಅವರಲ್ಲಿ ಯಾರೂ ಒಮ್ಮೆಯೂ ಕಾಲಿಡಲಿಲ್ಲ.

ಯತಿನನ ತಲೆ ಕೆಟ್ಟಿತು. ಗ್ರೂಪಿಗೆ ಒಂದು ಉದ್ದನೆಯ ಧ್ವನಿ ಸಂದೇಶ ಕಳಿಸಲು ಕೂತ. “ಕಮಿಟ್‌ಮೆಂಟ್ ಇಲ್ಲದವರಿಂದ ಏನೂ ಆಗ್ಲಿಕ್ಕಿಲ್ಲ ಮಾರ್ರೆ. ಪಕ್ಕಾ, ಪಕ್ಕಾ ಅಂತ ಹೇಳಿ ಕೈ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ...” ನಡುವೆ ಕುಕ್ಕರ್ ಕೂಗಿತು. ಅಳಿಸಿ ಮತ್ತೆ ಶುರು ಮಾಡಿದ. ಭಾವ ಸಾಲದೆಂದು ಇನ್ನೊಮ್ಮೆ ಹೇಳಿದ. ಆ ವಾರ ಗಿಟಾರಿಗಿಂತ ಹೆಚ್ಚು ತಾಲೀಮು ಆ ಭಾಷಣಕ್ಕೇ ಆಯಿತು. ಕಳಿಸಿದ ಮೇಲೆ ಮೂವರೂ ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಕೈತೊಳೆದುಕೊಂಡರು.

ವಾರ್ಷಿಕೋತ್ಸವಕ್ಕೆ ಇನ್ನು ನಾಲ್ಕೈದು ದಿನ ಇರುವಾಗ ಯತಿನನಿಗೆ ಠಾಣೆಯಲ್ಲಿ ಬೆಳಿಗ್ಗೆ ಬೇಗನೆ ಒಂದು ಟ್ರೇನಿಂಗ್ ಬಿತ್ತು. ಅವನು ಸಾಮಾನ್ಯವಾಗಿ ಬಿಸಿಲೇರಿದ ಮೇಲೆ ಕಂಪನಿಯ ಬಸ್ಸಿನಲ್ಲಿ ಹೋಗುವ ರಾಜಕುಮಾರ. ಬೆಳಗಿನ ಲೋಕಲ್‌ನ ರುಚಿ ಮರೆತೇಹೋಗಿತ್ತು. ಡೊಂಬಿವಲಿಯಲ್ಲಿ ಅಂಬರನಾಥದ ಏಳು-ಐವತ್ತರ ಫಾಸ್ಟ್ ಬಂದದ್ದೇ ತಡ, ಅವನು ಹತ್ತಲಿಲ್ಲ, ಜನ ಅವನನ್ನು ಹತ್ತಿಸಿದರು. ಒಂದು ಕಾಲು ಇನ್ನೂ ಗಾಳಿಯಲ್ಲಿದ್ದಾಗಲೇ ಒಳಗಿನಿಂದ ಢೋಲಕಿಯ ಪೆಟ್ಟು ಕೇಳಿಸಿತು.

ಭಜನಾ ಮಂಡಳಿ. ಉಸಿರಾಡಲು ಜಾಗವಿಲ್ಲದ ಆ ಡಬ್ಬಿಯ ಮೂಲೆಯಲ್ಲಿ ಹತ್ತು ಹದಿನೈದು ಮಂದಿ ತಾಳ ಕುಟ್ಟುತ್ತ ವಿಠ್ಠಲನನ್ನು ಕರೆಯುತ್ತಿದ್ದರು, ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ. ಕಿಟಕಿಯ ಪಕ್ಕ ಕೂತು ಹಾಡು ಎತ್ತಿಕೊಡುತ್ತಿದ್ದ ಮುದುಕನ ಹೆಸರು ಚಂದ್ರಾಮ. ಮಸ್ಜಿದ್ ಬಂದರಿನ ಒಂದು ಅಂಗಡಿಯ ಗುಮಾಸ್ತ. ಅವನ ಎದುರಿಗೆ ಕಣ್ಣು ಮುಚ್ಚಿ, ಬೆವರು ಸುರಿಸುತ್ತ ಢೋಲಕಿ ಬಾರಿಸುತ್ತಿದ್ದವನನ್ನು ನೋಡಿ ಯತಿನನ ರಕ್ತ ಕುದಿಯಿತು. ಟೈಮೇ ಸಿಗದ ಶಶಿಕಾಂತ್!

“ಶಶಿಯಣ್ಣಾ!” ಎಂದು ಜನರ ನಡುವಿನಿಂದ ಕೂಗಿದ.

“ಅಯ್ಯ, ಯತಿನ್! ಬಾ ಬಾ, ಈ ಕಡೆ ನಿಂದ್ರು,” ಎಂದ ಶಶಿಕಾಂತ್. ಸಿಕ್ಕಿಬಿದ್ದವನ ಮುಖವೇ ಅಲ್ಲ ಅದು, ಮನೆಗೆ ನೆಂಟರು ಬಂದವನ ಮುಖ.

“ಪ್ರಾಕ್ಟೀಸಿಗೆ ಟೈಮ್ ಇಲ್ಲ ಅಂದಿರಲ್ಲ ನೀವು?”

“ಇಲ್ಲಪಾ ಟೈಮ್. ಅದಕ್ಕ ಇಲ್ಲಿ ಬಾರಿಸ್ತೀನಿ. ಹೆಂಗೂ ಆಫೀಸಿಗೆ ಹೋಗಬೇಕಲ್ಲ.”

“ಎಷ್ಟು ಕಾಲದಿಂದ ಇದು?”

“ನಮ್ಮ ಪೂನಂ ಹುಟ್ಟಿದ ವರ್ಷ ಸುರು ಮಾಡೀನಿ. ಈಗ ಆಕಿ ಕಾಲೇಜಿಗೆ ಹೊಂಟಾಳ.”

“ಒಂದು ದಿನವೂ ತಪ್ಪಿಸಲಿಲ್ಲವಾ?”

“ತಪ್ಪಿಸಿದ್ರ ಲೇಟ್ ಮಾರ್ಕ್ ಬೀಳ್ತದಲ್ಲೋ!” ಸುತ್ತಲಿನವರೆಲ್ಲ ಘೊಳ್ಳೆಂದು ನಕ್ಕರು.

ಯತಿನನಿಗೆ ನಗು ಬರಲಿಲ್ಲ. ಚಂದ್ರಾಮನ ಕಡೆ ತಿರುಗಿ, ನಿಮ್ಮ ಮಂಡಳಿಯ ಹೆಸರೇನು ಎಂದು ಕೇಳಿದ. ಮುದುಕ ಉಳಿದವರ ಮುಖ ನೋಡಿದ. “ಹೆಸರಾ? ಯಾರರ ಇಟ್ಟೀರೇನ್ರಪಾ?” ಯಾರೂ ಇಟ್ಟಿರಲಿಲ್ಲ. ಪ್ರೋಗ್ರಾಂ ಎಲ್ಲಿ ಮಾಡುತ್ತೀರಿ ಎಂದದ್ದಕ್ಕೆ, “ದಿನಾ ಮಾಡ್ತೀವಲ್ಲ, ದಾದರ್ ತನಕಾ,” ಎಂದು ಚಂದ್ರಾಮ ಮತ್ತೆ ತಾಳ ಎತ್ತಿಕೊಂಡ.

ಇನ್ನೊಂದು ಹಾಡು ನಡೆಯಿತು. ಮಂಡಳಿಯವರಲ್ಲಿ ಅರ್ಧ ಮಂದಿ ಠಾಣೆಯಲ್ಲೇ ಇಳಿಯುವವರು. ಕಳವಾ ದಾಟಿ ಗಾಡಿ ಖಾಡಿಯ ಸೇತುವೆಗೆ ಬಂದು ಸದ್ದು ಬದಲಾಯಿಸಿದಾಗ ಹಾಡು ಇನ್ನೂ ನಡುವಿನಲ್ಲಿತ್ತು. ಶಶಿಕಾಂತ್ ಕಣ್ಣು ತೆರೆಯದೆಯೇ ಬೆರಳ ಲಯ ಬಿಗಿ ಮಾಡಿದ. ತಾಳಗಳು ಹಿಂದೆ ಬಂದವು, ಹಿಡಿದಿದ್ದ ಒಂದೇ ಸಾಲು ಮತ್ತೆ ಮತ್ತೆ ಏರುತ್ತ ಹೋಗಿ ಒಂದು ಜೈಕಾರದಲ್ಲಿ ಮುಗಿಯಿತು. ಮುಗಿಯುವುದಕ್ಕೂ ಪ್ಲಾಟ್‌ಫಾರ್ಮ್ ಬರುವುದಕ್ಕೂ ಸರಿಹೋಯಿತು.

ಇಳಿದವನೇ ಯತಿನ್ ಶರ್ಟಿನ ಗುಂಡಿ ಕಿತ್ತುಹೋದದ್ದನ್ನು ನೋಡಿಕೊಳ್ಳುತ್ತ, ‘ಗುರಿಯಿಲ್ಲದ ಜನ, ಹೀಗೇ ಇದ್ದು ಹೀಗೇ ಹೋಗುತ್ತಾರೆ’ ಎಂದು ಮೂಗು ಮುರಿದ.

ವಾರ್ಷಿಕೋತ್ಸವದ ದಿನವೂ ಭಾನುವಾರವೇ. ಆ ದಿನವೂ ಮೆಗಾಬ್ಲಾಕ್ ಇತ್ತು. ಏನಾಶ್ಚರ್ಯ! ರಮಿತಾ ಎರಡು ಬಸ್ಸು ಬದಲಿಸಿ, ಕೂದಲು ಸೆಟ್ ಮಾಡಿಸಿಕೊಂಡು ಎಲ್ಲರಿಗಿಂತ ಮುಂಚೆ ಬಂದಿದ್ದಳು. ಮನೀಶ ಗಲ್ಲಾಪೆಟ್ಟಿಗೆಯನ್ನು ಅಪ್ಪನ ತಲೆಗೆ ಕಟ್ಟಿ, ಟೆಂಪೋದಲ್ಲಿ ಡ್ರಮ್ಸ್ ಹೇರಿಕೊಂಡು, ವಿಡಿಯೋ ತೆಗೆಯಲು ಸುಜನ್ ಎಂಬ ಗೆಳೆಯನನ್ನೂ ಕರೆತಂದಿದ್ದ. ತಾಲೀಮಿಗೆ ಸಿಗದ ಗಾಡಿಗಳೆಲ್ಲ ಸ್ಟೇಜಿಗೆ ಸಿಕ್ಕಿದ್ದವು. ಬದಿಯ ಕೋಣೆಯಲ್ಲಿ ನಾಲ್ಕು ಕಪ್ಪು ಟೀ ಶರ್ಟುಗಳು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡವು.

“ಯತಿನಣ್ಣಾ, ಮೂರನೇ ಚರಣ ಬರ್ದಿದ್ದೀರಾ?” ಎಂದು ರಮಿತಾ ಕೇಳಿದಳು.

“ಅದನ್ನು ಅಲ್ಲೇ ಫೀಲ್ ಮಾಡಿಕೊಂಡು ಹೋಗುವ,” ಎಂದ ಯತಿನ್.

ಸನ್ಮಾನಗಳು ಮುಗಿಯುವ ಲಕ್ಷಣ ಕಾಣಲಿಲ್ಲ. ಶಾಲು ಹೊದಿಸಿಕೊಂಡವರೆಲ್ಲ ಎರಡು ಮಾತು ಎಂದು ಇಪ್ಪತ್ತು ಮಾತಾಡಿದರು. ಅಂಬರೀಶ ಓಡಿಬಂದು, “ಯತಿನ್, ಬೇಜಾರು ಮಾಡ್ಕೋಬೇಡ, ಅರ್ಧ ಗಂಟೆ ಆಗೋದಿಲ್ಲ. ಒಂದೇ ಹಾಡು. ಕೇಟರರ್ ಬೈತಿದ್ದಾನೆ,” ಎಂದ. ಯತಿನ್ “ಇದು ಕಲೆಗೆ ಮಾಡುವ ಅವಮಾನ” ಎಂದು ಕೂಗಾಡಿದ. ಒಳಗೊಳಗೆ, ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಟ್ಟ.

ಪರದೆ ಸರಿಯಿತು. ನಾಲ್ಕನೆಯ ಸಾಲಿನಲ್ಲಿ ತೃಪ್ತಿ, ಅವಳ ಪಕ್ಕ ದಮಯಂತಿ. ತೃಪ್ತಿ ಒಳ್ಳೆಯ ಸೀರೆ ಉಟ್ಟಿದ್ದಳು.

ನಿಜ ಹೇಳಬೇಕು, ಹಾಡು ಚೆನ್ನಾಗಿಯೇ ಎದ್ದಿತು. ರಮಿತಾಳ ಕಂಠ ಆ ಹಳೆಯ ಹಾಲಿನ ಗೋಡೆಗಳಿಗೆ ಮುಟ್ಟಿತು. ಮೊದಲ ಚರಣಕ್ಕೇ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಎರಡನೆಯದು ಮುಗಿಯುವಾಗ ಯತಿನನ ಮೈಯಲ್ಲಿ ರೋಮಾಂಚನ. ಇದೇ, ಇದೇ ನಾನು ಎಂದುಕೊಂಡ. ಅದಾದ ಮೇಲೆ ಏನೋ ದೊಡ್ಡದು ಬರಬೇಕಾದ ಜಾಗ ಬಂತು.

ಯತಿನ್ ಕಣ್ಣು ಮುಚ್ಚಿ ಗಿಟಾರಿನ ತಂತಿಗಳ ಮೇಲೆ ಕೈಯೋಡಿಸಿದ. ಕೈಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಹಾಡು ಮುಗಿಯಿತೆಂದುಕೊಂಡ ಮನೀಶ ಡ್ರಮ್ಸಿನ ಮೇಲೆ ಭರ್ಜರಿ ಮುಕ್ತಾಯ ಕೊಟ್ಟ. ಮುಗಿದಿಲ್ಲವೆಂದುಕೊಂಡ ರಮಿತಾ ಮೊದಲ ಚರಣವನ್ನೇ ಮತ್ತೆ ಎತ್ತಿಕೊಂಡಳು. ಅದನ್ನು ಕೇಳಿ ಮನೀಶ ಗಾಬರಿಬಿದ್ದು ಪುನಃ ಶುರು ಮಾಡಿದ, ಬೇರೆಯದೇ ಲಯದಲ್ಲಿ. ಯತಿನ್ ಇಬ್ಬರ ನಡುವೆ ದಾರಿ ತಪ್ಪಿದ. ಮುಂದಿನ ಸಾಲಿನಲ್ಲಿ ಯಾವುದೋ ಮಗು, “ಮಮ್ಮಿ, ಬಿಗಡ್ ಗಯಾ ಕ್ಯಾ, ಕೆಟ್ಟುಹೋಯ್ತಾ?” ಎಂದು ಗಟ್ಟಿಯಾಗಿ ಕೇಳಿತು. ಯತಿನ್ ಕಣ್ಣು ತೆರೆದರೆ ತೃಪ್ತಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು. ಅವಳ ಆ ತಗ್ಗಿದ ತಲೆ ಕಂಡು ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಗ ಶಶಿಕಾಂತ್ ಕೊರಳಿನ ಬಾಸ್ ಗಿಟಾರನ್ನು ತೆಗೆದು ಪಕ್ಕದ ಕುರ್ಚಿಗೆ ಆನಿಸಿಟ್ಟ. ಮೈಕಿನ ಮುಂದೆ ಬಂದು ಚಪ್ಪಾಳೆ ತಟ್ಟತೊಡಗಿದ. ಮೊದಲು ನಿಧಾನ, ಆಮೇಲೆ ಬಿಗಿ. ರಮಿತಾಳ ಕಡೆ ತಿರುಗಿ, ಅದೇ ಸಾಲು ಹಿಡಿ ಎಂದು ಕಣ್ಣಲ್ಲೇ ಹೇಳಿದ. ಅವಳು ‘ಹಳಿ ತಪ್ಪಿದ ಹೃದಯ’ ಎಂಬ ಸಾಲನ್ನೇ ಹಿಡಿದಳು, ಒಮ್ಮೆ, ಇನ್ನೊಮ್ಮೆ. ಮನೀಶ ಆ ಚಪ್ಪಾಳೆಯ ಬೆನ್ನು ಹತ್ತಿದ. ಹಾಲಿನಲ್ಲಿ ಕೂತವರಲ್ಲಿ ಅರ್ಧದಷ್ಟು ಮಂದಿ ಬೆಳಗಿನ ಲೋಕಲ್ಲಿನವರು. ಈ ಲಯ ಅವರಿಗೆ ನಿದ್ದೆಯಲ್ಲೂ ಗೊತ್ತು. ಅವರ ಕೈಗಳು ಕೇಳದೆಯೇ ಎದ್ದವು. ಇಡೀ ಹಾಲು ಚಪ್ಪಾಳೆ ತಟ್ಟುತ್ತ ಏರಿತು, ಏರಿತು, ತುತ್ತತುದಿಯಲ್ಲಿ ಶಶಿಕಾಂತ್ ಎರಡೂ ಕೈ ಎತ್ತಿ ವಿಠ್ಠಲನಿಗೆ ಜೈಕಾರ ಹಾಕಿದ. ಐನೂರು ಗಂಟಲು ಒಂದೇ ಸಲ ಜೈ ಎಂದವು. ಪ್ರೇಯಸಿ ಕೈಕೊಟ್ಟವನ ಗೋಳಿನ ಹಾಡು ಪಂಢರಪುರಕ್ಕೆ ಹೋಗಿ ಮುಟ್ಟಿತು. ಪರದೆ ಬಿತ್ತು.

ಪರದೆಯ ಹಿಂದೆ ಯತಿನ್ ಅತ್ತುಬಿಟ್ಟ. ನಾಚಿಕೆಯೂ ಇತ್ತು, ಆದರೆ ಹೆಚ್ಚಿನದು ಸಂತೋಷವೇ. ಅಷ್ಟೊಂದು ಕೈಗಳು ಒಟ್ಟಿಗೆ ಬಡಿದಾಗ ಅವನ ಎದೆ ತುಂಬಿಹೋಗಿತ್ತು, ಅಂಥ ಸುಖವನ್ನು ಅವನು ಈವರೆಗೆ ಕಂಡಿರಲಿಲ್ಲ.

“ಕೊನೆಗೆ ಎಷ್ಟು ಚಂದ ಆಯ್ತು ಮಾರ್ರೆ! ನನಗೆ ಕಣ್ಣಲ್ಲಿ ನೀರೇ ಬಂತು. ಅದನ್ನು ಯಾವಾಗ ಬರ್ದದ್ದು?” ಎಂದು ಊಟದ ಸಾಲಿನಲ್ಲಿ ತೃಪ್ತಿ ಕೇಳಿದಳು.

“ಅದು... ಹಾಗೇ ಬಂತು,” ಎಂದ ಯತಿನ್.

ಮನೆ ಮುಟ್ಟುವ ಮೊದಲೇ ಗ್ರೂಪಿನಲ್ಲಿ ಹಬ್ಬ ಶುರುವಾಗಿತ್ತು. ಮುಂದೆ ನವಿ ಮುಂಬೈಯ ಯಾವುದಾದರೂ ದೊಡ್ಡ ಫೆಸ್ಟಿವಲ್ ಹಿಡಿಯಬೇಕೆಂದು ಮನೀಶ, ಮುಂದಿನ ಟೀ ಶರ್ಟು ಬಿಳಿ ಇರಲಿ, ಕಪ್ಪಿನಲ್ಲಿ ತಾನು ಕಾಣುವುದೇ ಇಲ್ಲವೆಂದು ರಮಿತಾ. ಯತಿನ್, ‘ಮುಂದಿನ ಭಾನುವಾರ ಪ್ರಾಕ್ಟೀಸ್?’ ಎಂದು ಹಾಕಿದ. ಇಬ್ಬರೂ ಓದಿದರು. ಓದಿ ಮತ್ತೆ ಟೀ ಶರ್ಟಿನ ಬಣ್ಣಕ್ಕೇ ಮರಳಿದರು.

ಅವನು ಶಶಿಕಾಂತನಿಗೆ ಫೋನು ಮಾಡಿದ. “ಶಶಿಯಣ್ಣಾ, ನೀವಿಲ್ಲದಿದ್ರೆ ಇವತ್ತು ನನ್ನ ಮರ್ಯಾದೆ ಮೂರು ಕಾಸಿಗೆ ಹೋಗ್ತಿತ್ತು. ಅದನ್ನು ಹೇಗೆ ಮಾಡಿದ್ರಿ?”

“ಮಾಡೂದೇನದ ಅದರಾಗ? ಟೇಸನ್ ಬಂತಂದ್ರ ಹಾಡು ಎಲ್ಲೇ ಇರ್ಲಿ, ಮುಗಿಸಬೇಕಲ್ಲ. ದಿನಾ ಮಾಡಿದ್ರ ಕೈಗೆ ಬರ್ತದ. ಕಲೀತೀ ಅಂದ್ರ ನಾಳೆ ಬಾ. ಗಿಟಾರ್ ತರಬ್ಯಾಡ, ಜಾಗಾ ಇಲ್ಲ. ತಾಳ ನಮ್ಮ ಕಡೇನ ಅದಾವ.”

ಯತಿನ್ ಕೂತಲ್ಲಿಂದ ಎದ್ದು ನಿಂತ. “ಬರ್ತೇನೆ ಶಶಿಯಣ್ಣ. ನಾಳೆಯಿಂದ ದಿನಾ ಬರ್ತೇನೆ. ಪಕ್ಕಾ.” ಸುಳ್ಳಲ್ಲ, ಮನಸಾರೆ ಹೇಳಿದ್ದು.

ನಾಳೆಯಿಂದ ಬೆಳಗಿನ ಲೋಕಲ್ ಎಂದು ಮನೆಯಲ್ಲಿ ಸಾರಿದ. ತೃಪ್ತಿ, “ನಿಮಗೆ ಮರ್ಲಾ, ತಲೆ ಸರಿ ಉಂಟಾ?” ಎಂದಳು. ಆದರೆ ಅಲಾರಾಂ ತಾನೇ ಇಟ್ಟುಕೊಟ್ಟಳು, ಬೆಳಿಗ್ಗೆಗೆಂದು ಶರ್ಟನ್ನೂ ಇಸ್ತ್ರಿ ಮಾಡಿಟ್ಟಳು. ಯತಿನ್ ಸೋಫಾದಲ್ಲಿ ಕೂತು ಯೋಜನೆ ಹಾಕಿದ. ಹೆಸರಿಲ್ಲದ ಮಂಡಳಿಗೆ ಹೆಸರು ಬೇಕು. ಚಂದ್ರಾಮನ ಗಡ್ಡ ಕ್ಯಾಮೆರಾಕ್ಕೆ ಚೆನ್ನಾಗಿ ಬರುತ್ತದೆ. ಭಜನೆಗೆ ಗಿಟಾರ್ ಬೆರೆಸಿದರೆ ಇಂಟರ್‌ನೆಟ್ಟಿನಲ್ಲಿ ಬೆಂಕಿ ಹತ್ತುತ್ತದೆ. ಮಲಗುವ ಮೊದಲು ಲೋಗೋ ಕೂಡ ತಯಾರಾಯಿತು: ಒಂದು ಲೋಕಲ್ ಗಾಡಿ, ಮೇಲೆ ಎರಡು ತಾಳ.

ಬೆಳಿಗ್ಗೆ ಅಲಾರಾಂ ಹೊಡೆಯಿತು. ಯತಿನ್ ಅದನ್ನು ಆರಿಸಿದ, ಏಳಬೇಕೆಂಬ ಪೂರ್ತಿ ನಿರ್ಧಾರದೊಂದಿಗೇ ಆರಿಸಿದ. ಮತ್ತೆ ಕಣ್ಣು ಬಿಟ್ಟದ್ದು ಹಾಲಿನಲ್ಲಿ ವಾಷಿಂಗ್ ಮಷಿನ್ ಗಡಗಡ ಎಂದಾಗ. ಎದ್ದು ಕೂತು ಫೋನು ನೋಡಿದ. ಶಶಿಕಾಂತನಿಂದ ಒಂದು ಕರೆಯಿಲ್ಲ, ಎಲ್ಲಿದ್ದೀಯೆಂಬ ಸಂದೇಶವೂ ಇಲ್ಲ. ಗಡಿಬಿಡಿಯಲ್ಲಿ ಬೆರಳೋಡಿಸಿದ: ‘ಸಾರಿ ಶಶಿಯಣ್ಣ, ಇವತ್ತು ಸ್ವಲ್ಪ ತಲೆನೋವು. ನಾಳೆ ಪಕ್ಕಾ.’ ಕೊನೆಯ ಪದ ಕಂಡು ಒಂದು ಗಳಿಗೆ ತಡೆದ. ಆದರೂ ಕಳಿಸಿದ.

ಉತ್ತರ ಬಂದದ್ದು ಗಾಡಿ ದಾದರ್ ಮುಟ್ಟಿದ ಮೇಲೆ. ‘ಸಾರಿ ಯಾಕೋ ತಮ್ಮಾ? ನಾವೇನ್ ನಿನಗ ಕಾದಿಲ್ಲಲ್ಲ.’

ಅದರಲ್ಲಿ ಕೊಂಕಿರಲಿಲ್ಲ. ಶಶಿಕಾಂತನಿಗೆ ಕೊಂಕು ಬರುವುದೂ ಇಲ್ಲ. ಅದಕ್ಕೇ ಅದು ಯತಿನನಿಗೆ ಅಷ್ಟು ನೋವು ಕೊಟ್ಟಿತು. ಯಾರಾದರೂ ಸಿಟ್ಟಾಗಬೇಕಿತ್ತು ಎನ್ನಿಸಿತು ಅವನಿಗೆ, ಉದ್ದನೆಯ ಧ್ವನಿ ಸಂದೇಶ ಕಳಿಸಬೇಕಿತ್ತು.

ಪೈಪು ಹಿಡಿದು ಬಾತ್‌ರೂಮಿನ ಕಡೆಯಿಂದ ಬರುತ್ತಿದ್ದ ತೃಪ್ತಿ ಬಾಗಿಲಲ್ಲಿ ನಿಂತಳು. ಇಸ್ತ್ರಿ ಮಾಡಿದ ಶರ್ಟು ಕುರ್ಚಿಯ ಮೇಲೆ ಹಾಗೇ ಇತ್ತು. ಮಾತು ಕೊಟ್ಟಂತೆ ಅವಳು ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ.

“ಯಾರದ್ದು ಮೆಸೇಜು?” ಎಂದಷ್ಟೇ ಕೇಳಿದಳು.

“ಶಶಿಯಣ್ಣನದ್ದು,” ಎಂದ ಯತಿನ್. “ನಾಳೆ ಬಾ ಅಂತ ಹೇಳಿದ್ದಾರೆ.”